ಶಿವಣ್ಣ ಬೇಡವೆಂದ ಗಿಡ್ಡ ಪೈಪು

ಶಿವಣ್ಣ,

ಬೈಯಬೇಡ. ಇವತ್ತು ಬೆಳಿಗ್ಗೆ ನೀನು ಅಚ್ಚು ಮಾಡಿಕೊಟ್ಟ ಮ್ಯಾನಿಫೋಲ್ಡನ್ನು ನನ್ನ ಕಾರಿನಿಂದ ಬಿಚ್ಚಿಬಿಟ್ಟೆ. ನಿನ್ನ ಕೈಯ ಕೊನೆಯ ಕೆಲಸ ಅದು. ಬೋಲ್ಟು ಸಡಿಲಿಸುವಾಗ ಕಳ್ಳತನ ಮಾಡುತ್ತಿದ್ದೇನೆ ಅನ್ನಿಸಿತು.

ಕಾರಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಟರ್ಬೊ ಕೂರಿಸಿ, ಚನ್ನಪಟ್ಟಣಕ್ಕೆ ಬಂದು ನಿನ್ನ ಲೇತಿನ ಮುಂದೆ ಕೂತಿದ್ದೆನಲ್ಲ, ನೆನಪಿದೆಯಾ? ಎಂಜಿನ್ನಿಗೆ ಗಾಳಿ ಹಂಚುವ ಪೈಪುಗಳನ್ನು, ಅದೇ ಈ ಮ್ಯಾನಿಫೋಲ್ಡನ್ನು, ಎರಕ ಹೊಯ್ಯಿಸಬೇಕು, ಮರದ ಅಚ್ಚು ನೀನೇ ಮಾಡಿಕೊಡಬೇಕು ಅಂತ ನನ್ನ ಹಟ. ರೇಸಿನ ಕಾರುಗಳಿಗೆ ಇರುವಂತೆ ಪೈಪು ಗಿಡ್ಡವಾಗಿ, ದಪ್ಪವಾಗಿ ಇರಲಿ ಅಂದೆ. ಬೊಂಬೆಯ ಜೊತೆಗೆ ಗ್ಯಾರೇಜುಗಳಿಗೂ ಅಚ್ಚು ಮಾಡುತ್ತಾ ಎಷ್ಟೋ ಎಂಜಿನ್ ಕಂಡವನು ನೀನು. ನೀನು ಉಳಿ ಕೆಳಗಿಟ್ಟು ನಕ್ಕೆ.

"ಏನ್ಲಾ ಮಂಜ, ಕನಕಪುರದ ರೋಡಲ್ಲಿ ಊರೂರ್ಗೂ ಹಂಪ್ ಐತೆ. ನಿನ್ ಟರ್ಬೊ ಎದ್ದೇಳೋ ಹೊತ್ಗೆ ಇನ್ನೊಂದ್ ಹಂಪ್ ಬಂದ್ಬುಡ್ತದೆ. ಒಸಿ ಉದ್ದ ಪೈಪ್ ಹಾಕ್ಲಾ, ಕಮ್ಮಿ ಸ್ಪೀಡಿಂದ್ಲೇ ಎಳೀತದೆ."

"ಸುಮ್ನೆ ಮಾಡ್ಕೊಡಣ್ಣ" ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ನೀನು ಹಾಲೆ ಮರ ತಿರುಗಿಸಿ, ಬೊಂಬೆಗೆ ಹಚ್ಚುವ ಹಾಗೇ ಕೆಂಪು ಅರಗು ಹಚ್ಚಿ, ತಾಳೆ ಗರಿಯಿಂದ ಉಜ್ಜಿ ಹೊಳಪು ಬರಿಸಿ ಕೊಟ್ಟೆ. ಮರಳಲ್ಲಿ ಹೂಳೋ ಅಚ್ಚಿಗೆ ಯಾಕಿಷ್ಟು ಸಿಂಗಾರ ಅಂತ ಎರಕದವನು ನಕ್ಕಿದ್ದ. ಅದೇ ವಾರ ನಿನ್ನ ಎದೆ ಕೈಕೊಟ್ಟಿತು. ಎಂಜಿನ್ ಸದ್ದು ಕೇಳುವ ಮೊದಲೇ ನೀನು...

ದೊಡ್ಡಆಲಹಳ್ಳಿ ಕಡೆಗೆ ಮೊದಲ ಸಲ ಓಡಿಸಿದಾಗ, ಹಂಪ್ ದಾಟಿ ಕಾಲು ಒತ್ತಿದರೆ ಕಾರು ತೂಕಡಿಸಿತು. ಹಿಂದಿನಿಂದ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ! ನೀನು ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೂ ಬಿಚ್ಚಲು ಮನಸ್ಸು ಬರಲಿಲ್ಲ. ನಿನ್ನ ಮಾತು ನಡೆಸಬೇಕೆಂದರೆ ನಿನ್ನ ಕೆಲಸವನ್ನೇ ಕಿತ್ತುಹಾಕಬೇಕಿತ್ತು. ಹೇಗೆ ಕೀಳಲಿ ಹೇಳು?

ರಾಮನಗರದ ನನ್ನ ಗ್ಯಾರೇಜಿನಲ್ಲಿ ಟೀ ಕುಡಿಯುತ್ತಾ ಒಬ್ಬ, ಕಾರು ಎಳೆಯದ್ದು ಕಂಡು, "ಶಿವಣ್ಣಂಗೆ ಕೊನೆಕೊನೇಲಿ ಕೈ ಸೋತೋಗಿತ್ತು ಕಣ್ಲಾ" ಅಂದ. ನಾನು ಲೋಟದೊಳಗೆ ಮುಖ ಇಟ್ಟುಕೊಂಡು ಸುಮ್ಮನಿದ್ದೆ. ನಾಚಿಕೆಯಾಗುತ್ತೆ ಅಣ್ಣ. ಅದು ತಡೆಯಲಾರದೆ ಇವತ್ತು ಬಿಚ್ಚಿದ್ದು. ಆ ಮಾತು ಚನ್ನಪಟ್ಟಣದವರೆಗೂ ಹೋಗಿದೆ ಅಂತ ಗೊತ್ತಾಗಿದ್ದು ಇವತ್ತು ಮಧ್ಯಾಹ್ನ, ಬಿಚ್ಚಿದ್ದನ್ನು ಹಿಡಿದುಕೊಂಡು ನಿನ್ನ ಮನೆಗೆ ಹೋದಾಗ.

"ಅವ್ರ ಕೆಲ್ಸ ಕೆಟ್ಟೋಗಿತ್ತಾ ಮಂಜ?" ಅತ್ತಿಗೆ ನೇರ ಕೇಳಿಬಿಟ್ಟರು.

"ಇಲ್ಲ ಅತ್ಗೆ. ಗಿಡ್ಡ ಬ್ಯಾಡ, ಉದ್ದ ಹಾಕ್ಲಾ ಅಂದ ಅಣ್ಣ. ನಾನೇ ಕೇಳ್ನಿಲ್ಲ. ನಾನ್ ಹೇಳ್ದಂಗೇ ಒಂದ್ ಕೂದ್ಲೂ ಆಚೀಚೆ ಇಲ್ದಂಗೆ ಮಾಡ್ಕೊಟ್ಟವ್ನೆ."

ನಾಳೆ ಗ್ಯಾರೇಜಿನಲ್ಲಿ ಎಲ್ಲರ ಮುಂದೆ ಇದನ್ನೇ ಹೇಳುತ್ತೇನೆ. ಅತ್ತಿಗೆಗೆ ಮಾತು ಕೊಟ್ಟಿದ್ದೇನೆ.

ನೀನಿದ್ದಾಗ ಬಣ್ಣ ಹಚ್ಚುವುದಷ್ಟೇ ಅತ್ತಿಗೆಯ ಪಾಲಿನ ಕೆಲಸ ಅಲ್ಲವಾ? ಇವತ್ತು ಅವರೇ ಲೇತಿನ ಮೇಲಿನ ಗೋಣಿತಾಟು ತೆಗೆದರು, ಹೊಸ ಅಚ್ಚಿಗೆ ಮರದ ತುಂಡು ಕಚ್ಚಿಸಿದರು, ನಿನ್ನ ಉಳಿ ಕೈಗೆತ್ತಿಕೊಂಡರು. ಹೌದು ಶಿವಣ್ಣ, ನಿನ್ನ ಲೇತು ಹಾಗೇ ನಿಂತುಹೋಗಲಿಲ್ಲ.

"ಉದ್ದ ಅಂದ್ರಂತಲ್ಲ, ಎಷ್ಟುದ್ದ ಅಂದ್ರು?" ಅಂತ ನನ್ನ ಮುಖ ನೋಡಿದರು.

ಅದನ್ನು ನಾನು ನಿನ್ನ ಹತ್ತಿರ ಕೇಳಿರಲೇ ಇಲ್ಲವಲ್ಲ ಅಣ್ಣ.

ನಿನ್ನ,
ಮಂಜ