ಕೂರಲಾಗದವರ ಕೌಂಟರ್ ವಾಪಸು ಕೊಡಿ

ಮಾನ್ಯ ಆಡಳಿತಾಧಿಕಾರಿಗಳೇ,

ನನಗೆ ಕೂರಲು ಆಗುವುದಿಲ್ಲ. ವಿಷಯ ಇಷ್ಟೇ. ಇದನ್ನು ತಮ್ಮ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯ ಹೊರಗಿನ ಹಾಲ್‌ನಲ್ಲಿ ಸೆಕ್ಯೂರಿಟಿಯವರಿಗೆ ಹೇಳಿದೆ, ಟೋಕನ್ ಕೊಡುವವರಿಗೆ ಹೇಳಿದೆ, ತಮ್ಮ ಕೋಣೆಯ ಬಾಗಿಲಲ್ಲಿರುವ ಸಹಾಯಕರಿಗೂ ಹೇಳಿದೆ. ಮೂವರೂ ಬಹಳ ಸಭ್ಯರು. ಮೂವರೂ ಒಂದೇ ಉತ್ತರ ಕೊಟ್ಟರು: "ಮೊದ್ಲು ಕೂತ್ಕೊಳ್ಳಿ ಸರ್, ಆಮೇಲೆ ಮಾತಾಡೋಣ." ಹಾಗಾಗಿ ಪತ್ರಿಕೆಯ ಮೊರೆ ಹೊಕ್ಕಿದ್ದೇನೆ. ಇಲ್ಲಿ ಯಾರೂ ನನ್ನನ್ನು ಕೂರಿಸಲಾರರು.

ನನ್ನ ಅಹವಾಲು ಒಂದು ಕೌಂಟರಿನದ್ದು. ಔಷಧಿ ವಿಭಾಗ ಕೆಳಮಹಡಿಗೆ ಹೋದ ಮೇಲೆ ಯಾರಿಗೂ ಬೇಡವಾಗಿ ಆ ಹಾಲ್‌ನಲ್ಲೇ ಉಳಿದಿದ್ದ ಹಳೇ ಮರದ ಕೌಂಟರ್. ಎದೆಮಟ್ಟದ ಹಲಗೆ, ಮೊಣಕೈ ಊರಿ ಊರಿ ಅದರ ಅಂಚೆಲ್ಲ ನುಣುಪಾಗಿತ್ತು. ತಾವು ಅಧಿಕಾರ ವಹಿಸಿಕೊಂಡ ಹೊಸದರಲ್ಲಿ ಒಮ್ಮೆ ಹಾಲ್‌ಗೆ ಬಂದಿರಿ. ಅದಕ್ಕೆ ಒರಗಿ ನಿಂತಿದ್ದ ನಮ್ಮನ್ನು ನೋಡಿದಿರಿ. ತಮ್ಮ ಮನಸ್ಸು ಕರಗಿತು. ಮುಂದಿನ ವಾರ ನಾವು ಬರುವಷ್ಟರಲ್ಲಿ ಕೌಂಟರ್ ಮಾಯ. ಆ ಜಾಗದಲ್ಲಿ ನೀಲಿ ಮೆತ್ತೆಯ ಕುರ್ಚಿಗಳು, ಗೋಡೆಯ ಮೇಲೆ "ಇಲ್ಲಿ ಯಾವ ರೋಗಿಯೂ ನಿಂತು ಕಾಯಬೇಕಾಗಿಲ್ಲ" ಎಂಬ ಫಲಕ, ಅದರ ಕೆಳಗೆ ಕುಳಿತವರನ್ನು ಮಾತ್ರ ಒಳಗೆ ಕರೆಯಲಾಗುವುದು ಎಂಬ ಸೂಚನೆ. ಇದನ್ನು ತಾವು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀರಿ. ತೊಂದರೆಯೇ ಅದು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಕೂರಲು ಯಾಕಾಗುವುದಿಲ್ಲ ಎಂದು ತಾವು ಕೇಳಬಹುದು, ಹೇಳುತ್ತೇನೆ. ನನ್ನ ದೊಡ್ಡ ಕರುಳಿನ ಕಟ್ಟಕಡೆಯಲ್ಲಿ ಕ್ಯಾನ್ಸರ್ ಇತ್ತು. ಮೊದಲು ಕಿರಣ ಕೊಟ್ಟರು, ಆಮೇಲೆ ಕೊಯ್ದರು. ಮಲದ್ವಾರದ ಸಮೇತ ತೆಗೆದು, ಆ ಜಾಗವನ್ನು ಹೊಲಿದು, ಹೊಟ್ಟೆಯ ಎಡಗಡೆ ಹೊಸ ದಾರಿ ಮಾಡಿ ಅದಕ್ಕೊಂದು ಚೀಲ ಅಂಟಿಸಿದರು. ಕ್ಯಾನ್ಸರ್ ಹೋಯಿತು. ಅದಕ್ಕಾಗಿ ತಮ್ಮ ಸರ್ಜನ್ ಸಾಹೇಬರಿಗೆ ಕೈಯೆತ್ತಿ ಮುಗಿಯುತ್ತೇನೆ. ಆದರೆ ಹೊಲಿಗೆ ಮಾತ್ರ ನಿಲ್ಲಲಿಲ್ಲ. ಕಿರಣ ತಾಗಿದ ಚರ್ಮ ಬೇಗ ಕೂಡಿಕೊಳ್ಳುವುದಿಲ್ಲವಂತೆ. ಬಾಯಿ ಬಿಟ್ಟ ಗಾಯ ತಳದಿಂದ ಮೇಲಕ್ಕೆ ತಾನಾಗಿ ತುಂಬಿಕೊಂಡು ಬರಬೇಕು. ಮೇಲ್ಮೇಲೆ ಮುಚ್ಚಿಕೊಂಡರೆ ಒಳಗೆ ಕೀವಾಗುತ್ತದೆ, ಆದ್ದರಿಂದ ಪ್ರತಿ ಸಲವೂ ಅದರೊಳಗೆ ಹತ್ತಿಬಟ್ಟೆ ತುಂಬಬೇಕು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ನನ್ನದು ಕನ್ನಡಿ ಹಿಡಿದರೂ ಕಾಣದ ಜಾಗ. ಮನುಷ್ಯ ಯಾವುದರ ಮೇಲೆ ಕೂರುತ್ತಾನೋ, ಸರಿಯಾಗಿ ಅಲ್ಲೇ.

ಇದರಲ್ಲಿ ತಮಾಷೆ ಏನೆಂದರೆ, ಜನರನ್ನು ಕೂರಿಸುವುದೇ ನನ್ನ ಕಸುಬು. ನಾನು ಫೋಟೋ ಸ್ಟುಡಿಯೋದವನು. "ಕೂತ್ಕೊಳ್ಳಿ, ಬೆನ್ನು ನೇರ ಮಾಡಿ, ಗಲ್ಲ ಸ್ವಲ್ಪ ಕೆಳಗೆ, ಉಸಿರು ಬಿಡಿ" ಎಂದು ಜೀವಮಾನವೆಲ್ಲ ಹೇಳಿದ್ದೇನೆ. ನನ್ನ ಸ್ಟೂಲಿನ ಮೇಲೆ ಕೂರದೆ ಈ ಊರಿನಲ್ಲಿ ಯಾರಿಗೂ ಪಾಸ್‌ಪೋರ್ಟ್ ಸಿಕ್ಕಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಆ ಸ್ಟೂಲನ್ನು ಕಂಡರೆ ದೂರದಿಂದಲೇ ನಮಸ್ಕಾರ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಇದೆಯಲ್ಲ, ಅದೊಂದು ಭಯ ನನಗಿಲ್ಲ. ನಿಂತೇ ಉಣ್ಣುತ್ತೇನೆ, ನಿಂತೇ ಪೇಪರ್ ಓದುತ್ತೇನೆ, ಸಾಕಾದರೆ ಮಗ್ಗುಲಾಗಿ ಮಲಗುತ್ತೇನೆ. ನೋಡಲು ಬಂದ ನೆಂಟರು ಕೂತಿರುತ್ತಾರೆ, ನಾನು ಮಾತ್ರ ಅವರ ಮುಂದೆ ಪಾಠ ಒಪ್ಪಿಸುವ ಹುಡುಗನ ಹಾಗೆ ನಿಂತಿರುತ್ತೇನೆ. ಅದರಿಂದ ಒಂದು ಲಾಭವೂ ಆಗಿದೆ: ನೆಂಟರು ಬೇಗ ಎದ್ದು ಹೋಗುತ್ತಾರೆ.

ಗಾಯ ಮಾಯುತ್ತಿದೆಯೋ ಇಲ್ಲವೋ ತಿಳಿಯಲು ವಾರಕ್ಕೊಂದು ಫೋಟೋ ತೆಗೆದಿಡಿ ಎಂದು ಡ್ರೆಸ್ಸಿಂಗ್ ಸಿಸ್ಟರ್ ಹೇಳಿದರು. ಫೋಟೋದವನ ಮನೆಯಲ್ಲಿ ಈ ಕೆಲಸ ಬಿದ್ದದ್ದು ಫೋನ್ ನೆಟ್ಟಗೆ ಹಿಡಿಯಲು ಬಾರದ ನನ್ನ ಮನೆಯವಳ ಪಾಲಿಗೆ. ನಾನು ಬೋರಲು ಬಿದ್ದುಕೊಂಡೇ ನಿರ್ದೇಶನ ಕೊಡುತ್ತೇನೆ. "ಕಿಟಕಿ ಪರದೆ ಸರಿಸು. ನಿನ್ನ ನೆರಳು ಬೀಳ್ತಿದೆ. ಸ್ವಲ್ಪ ಎಡಕ್ಕೆ ಬಾ."

"ಸುಮ್ನೆ ಮಲಗ್ರೀ. ಇದೇನು ಮದುವೆ ಫೋಟೋನಾ?"

"ಫೋಕಸ್ ಆಗಿದೆಯಾ ನೋಡು."

"ಆಗಿದೆ. ನಿಮ್ಮ ಮುಖಕ್ಕಿಂತ ಚೆನ್ನಾಗಿ ಬಂದಿದೆ."

ಬೈದರೂ ಅವಳೇ ನನ್ನನ್ನು ಉಳಿಸಿದವಳು. ಮೊದಮೊದಲು ಬಟ್ಟೆ ತೆಗೆದು ನೋಡಿ ಪಕ್ಕದ ಕೋಣೆಗೆ ಹೋಗಿ ಅತ್ತು ಬರುತ್ತಿದ್ದಳು. ನನಗೆ ಗೊತ್ತಾಗದಂತೆ ಮುಖ ತೊಳೆದುಕೊಂಡು ಬರುತ್ತಿದ್ದಳು, ನನಗೆ ಗೊತ್ತಾಗುತ್ತಿತ್ತು. ಈಗ ಹಳೇ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಇಟ್ಟು ವಾದ ಮಾಡುತ್ತಾಳೆ. "ನೋಡಿ, ಈ ಮೂಲೇಲಿ ಕೆಂಪಗೆ ಹೊಸ ಮಾಂಸ ಬಂದಿದೆ. ನೀವು ಮೊಟ್ಟೆ ಬೇಡ ಅಂತ ಹಠ ಮಾಡದಿದ್ರೆ ಇಷ್ಟೊತ್ತಿಗೆ ತುಂಬೇ ಹೋಗ್ತಿತ್ತು." ಸ್ವಾಮಿ, ಮೊಟ್ಟೆ, ಬೇಳೆ, ಮೊಸರು ಎಂದು ಅವಳು ನನಗೆ ತಿನ್ನಿಸಿದ್ದನ್ನು ಒಂದು ಕಂಬಕ್ಕೆ ತಿನ್ನಿಸಿದ್ದರೆ ಕಂಬಕ್ಕೂ ಚರ್ಮ ಬರುತ್ತಿತ್ತು. ನನ್ನ ಗಾಯ ಮಾತ್ರ ಸರ್ಕಾರಿ ಕಡತದ ಹಾಗೆ, ಮೇಜು ಬಿಟ್ಟು ಏಳುವುದಿಲ್ಲ.

ಇನ್ನು ಕೌಂಟರಿಗೆ ಬರುತ್ತೇನೆ. ಅದೇ ಜಾಗದಲ್ಲಿ ಕೊಯ್ಸಿಕೊಂಡವರು ನಾವು ಮೂವರಿದ್ದೆವು: ನಾನು, ಗ್ಯಾರೇಜಿನವನು, ಲೈಬ್ರರಿ ಮೇಡಂ. ಗ್ಯಾರೇಜಿನವನು ಲಾರಿ ರಿಪೇರಿ ಮಾಡುವ ದೊಡ್ಡ ಆಳು. ಅವನ ಪಿಸುಮಾತು ರಸ್ತೆಯ ಆಚೆ ಬದಿಗೂ ಕೇಳಿಸುತ್ತದೆ. ಮೇಡಂ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವರು, ನನ್ನ ಮಗಳ ವಯಸ್ಸಿನವರು, ಜೋರಾಗಿ ಕೆಮ್ಮಲೂ ನಾಚುವವರು. ಮೂವರೂ ಆ ಹಲಗೆಗೆ ಮೊಣಕೈ ಊರಿ ನಿಂತರೆ ಬೆನ್ನಿಗೆ ಆರಾಮ, ಗಾಯಕ್ಕೂ ಆರಾಮ. ನೋಡುವವರಿಗೆ ಯಾರಿಗೋ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತೇ ಹೊರತು, ಏನು ರೋಗ, ಎಲ್ಲಿ ಗಾಯ ಎಂದು ಯಾರೂ ಕೇಳುತ್ತಿರಲಿಲ್ಲ. ಚೀಲ ಸೋರದಂತೆ ಅಂಟಿಸುವುದು ಹೇಗೆ, ಸ್ನಾನದ ನೀರು ಎಷ್ಟು ಬಿಸಿಯಿರಬೇಕು, ಮಲಗಿದಾಗ ಮಂಡಿಗಳ ನಡುವೆ ದಿಂಬು ಇಟ್ಟುಕೊಂಡರೆ ಎಳೆತ ಹೇಗೆ ಕಡಿಮೆಯಾಗುತ್ತದೆ, ಇದೆಲ್ಲ ನಾವು ಒಬ್ಬರಿಂದೊಬ್ಬರು ಕಲಿತದ್ದು ಅಲ್ಲಿ. ಮೊದಲು ತುಟಿ ಬಿಚ್ಚದಿದ್ದ ಮೇಡಂ ಆಮೇಲೆ ಗ್ಯಾರೇಜಿನವನಿಗೇ ಗದರುವಷ್ಟಾದರು. "ಅಣ್ಣ, ಮೆಲ್ಲಗೆ ಮಾತಾಡಿ. ನಿಮ್ಮ ಚೀಲದ ಸುದ್ದಿ ಗೇಟಿನವರೆಗೆ ಹೋಗ್ತಿದೆ."

"ಹೋಗ್ಲಿ ಬಿಡಮ್ಮ. ಚೀಲಾನೇ ಹೋಗದಿದ್ರೆ ಸಾಕು," ಅಂದ ಅವನು. ಮೇಡಂ ಹಲಗೆಯ ಮೇಲೆ ತಲೆಯಿಟ್ಟು ನಕ್ಕರು. ಆ ಹಾಲ್‌ನಲ್ಲಿ ಅವರು ನಕ್ಕದ್ದನ್ನು ಅವತ್ತೇ ಮೊದಲು ನೋಡಿದ್ದು. ಮೂವರಲ್ಲಿ ಅವರ ಗಾಯವೇ ಎಲ್ಲರಿಗಿಂತ ಮುಂದಿತ್ತು, ಇನ್ನೇನು ಮುಚ್ಚಿಕೊಳ್ಳುವುದರಲ್ಲಿತ್ತು. ಅದು ಮುಚ್ಚುವ ತನಕ ಅವರಿಗೆ ಮುಂದಿನ ಕೀಮೋ ಶುರುಮಾಡುವಂತಿಲ್ಲ. ಬಹಳ ತಡವಾದರೆ ಕೀಮೋದಿಂದ ಆಗುವ ಪ್ರಯೋಜನವೂ ಕಡಿಮೆಯಂತೆ. ನಮಗೆ ಗಾಯ ಬರೀ ಕಿರಿಕಿರಿ, ಅವರಿಗೆ ಅದು ಪ್ರಾಣದ ಪ್ರಶ್ನೆ.

ಕುರ್ಚಿಗಳು ಬಂದ ದಿನ ಏನಾಯಿತು ಗೊತ್ತೇ? ಅವತ್ತು ಮೊದಲ ಟೋಕನ್ ನನ್ನದು, ಕಾಯದೆಯೇ ಒಳಗೆ ಹೋಗಿ ಮೇಜಿನ ಮೇಲೆ ಬೋರಲಾಗಿದ್ದೆ. ಹೊರಗಿನದ್ದನ್ನೆಲ್ಲ ಗ್ಯಾರೇಜಿನವನು ಆಮೇಲೆ ಹೇಳಿದ. ಅವನು ಬರುವಷ್ಟರಲ್ಲಿ ಮೇಡಂ ಗೋಡೆಗೆ ಒರಗಿ ನಿಂತಿದ್ದರಂತೆ. ಸೆಕ್ಯೂರಿಟಿಯವರು ಹತ್ತಿರ ಹೋಗಿ, "ಮೇಡಂ, ಕೂತ್ಕೊಳ್ಳಿ, ಸಾಹೇಬ್ರ ಆರ್ಡರು" ಎಂದರು.

"ಪರವಾಗಿಲ್ಲ, ನಿಂತಿರ್ತೀನಿ."

"ಯಾಕೆ ಮೇಡಂ? ಏನಾಗಿದೆ? ಹೊಸ ಕುರ್ಚಿ, ಚೆನ್ನಾಗಿದೆ."

ಹಾಲ್ ತುಂಬ ಜನ. ಎಲ್ಲರೂ ತಿರುಗಿ ನೋಡಿದರು. ಆ ಹೆಣ್ಣುಮಗಳು ಏನು ಹೇಳಬೇಕಿತ್ತು, ತಾವೇ ಹೇಳಿ. ಅವರು ಕೂತರು. ಗ್ಯಾರೇಜಿನವನು ಬಂದು ಕೂಗಾಡಿ ಎಬ್ಬಿಸುವ ತನಕ ಕೂತೇ ಇದ್ದರು. ಗಾಯ ಮತ್ತೆ ಬಾಯಿ ಬಿಟ್ಟಿತು. ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ.

ನಾನು ತಮ್ಮ ಕಚೇರಿಗೆ ದೂರು ತಂದದ್ದು ಆಗಲೇ. ತಮ್ಮ ಸಹಾಯಕರು ಬಹಳ ಮರುಗಿ ನಡುವೆ ತೂತಿರುವ ಒಂದು ರಬ್ಬರ್ ದಿಂಬು ಕೊಟ್ಟು ಕಳಿಸಿದರು. ಸರ್ಜನ್ ಸಾಹೇಬರಿಗೆ ತೋರಿಸಿದೆ. "ಇದ್ರ ಮೇಲೆ ಕೂತ್ರೆ ಗಾಯ ಎರಡೂ ಕಡೆ ಎಳ್ಕೊಂಡು ಇನ್ನೂ ಅಗಲ ಆಗುತ್ತೆ, ದಯವಿಟ್ಟು ಬೇಡ" ಎಂದರು. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಬರೀ ಮಾತು ಅಂದುಕೊಂಡಿದ್ದೆ. ತಾವು ಅದನ್ನು ದಿಂಬಿನಲ್ಲೂ ಸಾಧಿಸಿದಿರಿ. ಈಗ ಅದರಲ್ಲಿ ನಮ್ಮ ಬೆಕ್ಕು ಮಲಗುತ್ತದೆ. ಬೆಕ್ಕು ತಮಗೆ ಕೃತಜ್ಞವಾಗಿದೆ.

ಕಳೆದ ಭಾನುವಾರ ನಾನೂ ನನ್ನ ಮನೆಯವಳೂ ಮೇಡಂ ಮನೆಗೆ ಹೋದೆವು. ನಾನು ಕಾರಿನಲ್ಲಿ ಹೋಗುವುದೆಂದರೆ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಗ್ಗುಲಾಗಿ, ಮನೆಯವಳ ತೊಡೆಯ ಮೇಲೆ ತಲೆಯಿಟ್ಟು. ಸಿಗ್ನಲ್‌ನಲ್ಲಿ ಪಕ್ಕ ನಿಂತ ಸ್ಕೂಟರಿನವರು ನನ್ನನ್ನು ನೋಡಿ, ಹೆಣ ಅಂದುಕೊಂಡರೋ ಏನೋ, ಹೆಲ್ಮೆಟ್ ತೆಗೆದು ಮುಖ ಸಣ್ಣದು ಮಾಡಿಕೊಂಡರು. ನಾನು ಕಣ್ಣು ಹೊಡೆದೆ. ಪಾಪ, ಹಸಿರು ದೀಪ ಬಂದರೂ ಅವರು ಅಲ್ಲಿಂದ ಕದಲಲಿಲ್ಲ.

ಬಾಗಿಲು ತೆಗೆದ ಮೇಡಂ ಅವರ ತಾಯಿ, "ಬನ್ನಿ, ಕೂತ್ಕೊಳ್ಳಿ" ಎಂದು ನಾಲಿಗೆ ಕಚ್ಚಿಕೊಂಡರು. ಮೇಡಂ ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದರು, ತಲೆದಿಂಬಿಗೆ ಆನಿಸಿದ ಪುಸ್ತಕ ತೆರೆದೇ ಇತ್ತು. ಡ್ರೆಸ್ಸಿಂಗ್ ಈಗ ತಾಯಿಯೇ ಮಾಡುತ್ತಾರಂತೆ. ಆ ತಾಯಿಗೆ ಕಣ್ಣು ಮಂಜು, ಕೈ ನಡುಗುತ್ತದೆ. ಬಟ್ಟೆಯನ್ನು ಒಳಗೆ ಒತ್ತಿದರೆ ಮಗಳಿಗೆ ನೋವಾದೀತು ಎಂದು ಮೇಲ್ಮೇಲೆ ಇಡುತ್ತಾರೆ. ಯಾವುದು ಆಗಬಾರದು ಎಂದು ಸಿಸ್ಟರ್ ಬಾಯಿಪಾಠ ಮಾಡಿಸಿದ್ದರೋ ಅದೇ.

"ನೀವು ಬರಬೇಕಮ್ಮ," ಅಂದೆ.

"ನೋವು ಎಷ್ಟಿದ್ರೂ ತಡ್ಕೋತೀನಿ ಅಂಕಲ್. ಆದ್ರೆ ಅಷ್ಟು ಜನರ ಮುಂದೆ ನಿಂತು ಯಾಕೆ ಕೂರಲ್ಲ ಅಂತ ಹೇಳೋದು ನನ್ ಕೈಲಿ ಆಗಲ್ಲ. ಸತ್ರೂ ಆಗಲ್ಲ."

ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಕ್ಯಾನ್ಸರನ್ನೇ ಗೆದ್ದು ಬಂದವರು ಒಂದು ಕುರ್ಚಿಯ ಮುಂದೆ ಸೋಲುವುದು ಯಾವ ನ್ಯಾಯ? ಅಷ್ಟರಲ್ಲಿ ನನ್ನ ಮನೆಯವಳು ಮಂಚದ ಅಂಚಿಗೆ ಕೂತು, "ನೀನ್ಯಾಕೆ ಹೇಳ್ಬೇಕಮ್ಮ? ಇವ್ರು ಹೇಳ್ತಾರೆ ಬಿಡು. ನಾಚಿಕೆ ಅನ್ನೋದು ಇವ್ರಿಗೆ ಹುಟ್ಟಿದಾಗಿಂದ್ಲೇ ಇಲ್ಲ" ಎಂದಳು. ಮೇಡಂ ನಕ್ಕರು. ನಕ್ಕದ್ದಕ್ಕೆ ಗಾಯ ಎಳೆದು, "ಅಮ್ಮಾ" ಎಂದರು. ಮತ್ತೂ ನಕ್ಕರು. ಹೊರಡುವಾಗ, ಬರುವ ಮಂಗಳವಾರದ ಡ್ರೆಸ್ಸಿಂಗ್‌ಗೆ ನೋಡೋಣ ಎಂದರು. ಬರುತ್ತೇನೆ ಎನ್ನಲಿಲ್ಲ, ನೋಡೋಣ ಎಂದರು.

ಮಾನ್ಯರೇ, ಕುರ್ಚಿಗಳನ್ನು ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಕೂರಲು ಬಲ್ಲವರು ಸುಖವಾಗಿ ಕೂರಲಿ, ನನಗೇನೂ ಹೊಟ್ಟೆಯುರಿಯಿಲ್ಲ, ಸ್ವಲ್ಪ ಇದ್ದರೂ ತೋರಿಸಿಕೊಳ್ಳುವುದಿಲ್ಲ. ಕೌಂಟರ್ ಹಿಂದಿನ ಶೆಡ್ಡಿನಲ್ಲಿ ಮುರಿದ ಮಂಚಗಳ ಮೇಲೆ ಬಿದ್ದಿದೆ. ಗ್ಯಾರೇಜಿನವನು ನೋಡಿ ಬಂದಿದ್ದಾನೆ. ಅದರ ಒಂದು ಕಾಲು ಅಲ್ಲಾಡುತ್ತದಂತೆ, ತಾನೇ ಸರಿಮಾಡಿ ನಿಲ್ಲಿಸುತ್ತೇನೆ ಎನ್ನುತ್ತಾನೆ. ತಾವು ಶೆಡ್ಡಿನ ಬೀಗ ತೆಗೆಸಿದರೆ ಸಾಕು. ನಿಂತವರನ್ನೂ ಒಳಗೆ ಕರೆಯಿರಿ ಎಂದು ಒಂದು ಮಾತು ಹೇಳಿದರೆ ಸಾಕು. ಇಷ್ಟಕ್ಕೂ ಸಮಿತಿ ಕೂರಬೇಕು ಎನ್ನುವುದಾದರೆ ಕೂರಲಿ, ಆದರೆ ಮಂಗಳವಾರಕ್ಕೆ ಮೊದಲು ಎದ್ದುಬಿಡಲಿ.

ಮಂಗಳವಾರದೊಳಗೆ ಇದೂ ಆಗದಿದ್ದರೆ ಕೊನೆಯ ಪಕ್ಷ ತಮ್ಮ ಸೆಕ್ಯೂರಿಟಿಯವರಿಗೆ ಈ ಪತ್ರ ಓದಿ ಹೇಳಿಸಿ. ಹಾಲ್‌ನಲ್ಲಿ ಯಾರಾದರೂ ನಿಂತಿದ್ದರೆ ಯಾಕೆಂದು ಕೇಳುವುದು ಬೇಡ. ಕೇಳಲೇಬೇಕಾದರೆ ನಿಂತವರು "ಫೋಟೋದವರಿಗೆ ಆಗಿದೆಯಲ್ಲ, ಅದೇ" ಎಂದಷ್ಟೇ ಹೇಳುತ್ತಾರೆ. ನನ್ನ ಗಾಯ ಎಲ್ಲಿದೆ ಎಂಬುದು ಇಂದು ಬೆಳಗಿನಿಂದ ಊರಿಗೆಲ್ಲ ಗೊತ್ತು. ಇನ್ನು ಮೇಲೆ ಬೇರೆ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಇಂತಿ,
ಅರ್ಧ ನಿಂತು, ಅರ್ಧ ಮಗ್ಗುಲಾಗಿ ಮಲಗಿ ಇಷ್ಟನ್ನು ಬರೆದ,
ತಮ್ಮ ಕುರ್ಚಿಗೆ ಒಗ್ಗದ
ಸ್ಟುಡಿಯೋ ಫೋಟೋದವನು