ಆಪರೇಷನ್ ಆದ ಮೇಲೆ

ತೊಂಗ್‌ಯೊಂಗ್,
ಮಾರ್ಚ್ ೬

ಪ್ರೀತಿಯ ಅಕ್ಕನಿಗೆ ಹೇರಿಮ್ ಮಾಡುವ ನಮಸ್ಕಾರಗಳು.

ನಿನ್ನ ಕಾಗದ ಚಳಿ ಶುರುವಾಗುವಾಗಲೇ ಬಂದಿತ್ತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಡಲ ಸಿಂಪಿ ತೆಗೆಯುವ ಕಾಲ, ಚಿಪ್ಪು ಬಿಡಿಸಿ ಬಿಡಿಸಿ ಬೆರಳು ಮಡಚಲು ಬರುತ್ತಿರಲಿಲ್ಲ. ಸನ್ಯಾಸಿನಿಯಾದ ನಿನಗೆ ಸಂಸಾರದ ಇಂಥ ಸಂಗತಿ ಬರೆಯಲು ಸಂಕೋಚವೂ ಇತ್ತು. ಆದರೆ ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ?

ಮಗುವಾಗಲಿಲ್ಲವೆಂದು ನನ್ನನ್ನು ತೋರಿಸದ ಡಾಕ್ಟರಿಲ್ಲ, ನಿನಗೇ ಗೊತ್ತು. ಎಲ್ಲರೂ ಸರಿಯಾಗಿದ್ದೀಯ ಎಂದೇ ಕಳಿಸಿದರು. ಹೋದ ವರ್ಷ ನಮ್ಮ ಮನೆಯವರು, ಗ್ಯುಹ್ವಾನ್, ದೋಣಿಯಿಂದ ಇಳಿದವರು ತೊಡೆಸಂದಿ ಹಿಡಿದುಕೊಂಡು ದಡದಲ್ಲೇ ಕೂತರು. ದಿನವಿಡೀ ನಿಂತು ಸಿಂಪಿ ಬೆಳೆಸುವ ಹಗ್ಗಗಳನ್ನು ನೀರಿನಿಂದ ಎಳೆದರೆ ಎಡಗಡೆ ಭಾರವಾಗಿ ಜಗ್ಗುತ್ತಿತ್ತಂತೆ, ಮಲಗಿದರೆ ಇಳಿಯುತ್ತಿತ್ತಂತೆ. ಬಲವಂತದಿಂದ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: "ಕೆಲವರಿಗೆ ಕಾಲಲ್ಲಿ ನರ ಉಬ್ಬಲ್ವಾ, ಹಂಗೇ ಇದು, ಅಂಡಚೀಲದಲ್ಲಿ. ಮೇಲೆ ಹೋಗಬೇಕಾದ ರಕ್ತ ಅಲ್ಲೇ ನಿಂತು ಬಿಸಿಯಾಗುತ್ತೆ. ಆ ಬಿಸಿಗೆ ವೀರ್ಯಾಣು ಸೊರಗುತ್ತವೆ. ಎಷ್ಟೋ ಗಂಡಸರಿಗೆ ಇರುತ್ತೆ, ತೊಂದರೆ ಆಗೋದು ಕೆಲವರಿಗೆ."

"ಏನಾದ್ರೂ ಮಾತ್ರೆ ಕೊಡಿ ಸಾರ್" ಅಂದರು ಇವರು.

"ಮಾತ್ರೆಗೆ ಹೋಗೋದಲ್ಲ. ತೊಡೆಸಂದಿಲಿ ಸಣ್ಣದಾಗಿ ಕೊಯ್ದು ಉಬ್ಬಿದ ನಾಳಗಳನ್ನ ಕಟ್ಟಿಬಿಡ್ತೀವಿ, ರಕ್ತ ಬೇರೆ ದಾರಿ ಹಿಡಿಯುತ್ತೆ. ನೋವು ಹೋಗಬಹುದು. ಮಗು ಆಗೇ ಆಗುತ್ತೆ ಅಂತ ಮಾತ್ರ ಹೇಳಲ್ಲ."

ಅತ್ತೆಯ ಹತ್ತಿರ ಹರ್ನಿಯಾ ಆಪರೇಷನ್ ಎಂದು ಹೇಳಿದೆವು. "ಅವ್ವಂಗೆ ಗೊತ್ತಾದ್ರೆ ನಾನು ತಲೆ ಎತ್ತಿ ಓಡಾಡೋ ಹಂಗಿಲ್ಲ ಕಣೇ" ಎಂದು ಇವರು ಗೋಗರೆದಿದ್ದರು.

ಆಪರೇಷನ್ ಸಲೀಸಾಗಿ ಆಯಿತು, ನೋವೂ ಹೋಯಿತು. ಕೆಲವು ತಿಂಗಳು ಮನೆಯಲ್ಲಿ ನಗುವಿತ್ತು ಅಕ್ಕ. "ಬಾಣಂತಿಗೆ ಕಡಲಪಾಚಿ ಸಾರು ನಾನೇ ಮಾಡೋದು. ಉಪ್ಪು ಜಾಸ್ತಿಯಾದ್ರೂ ಬಾಯ್ಮುಚ್ಕೊಂಡು ಕುಡೀಬೇಕು" ಅನ್ನುತ್ತಿದ್ದರು. ಆದರೆ ಇವರ ವೀರ್ಯ ಪರೀಕ್ಷೆ ಮಾಡಿಸಿದಾಗಲೆಲ್ಲ ಮೊದಲಿನಂತೆಯೇ ಬಂತು. ಪ್ರನಾಳ ಶಿಶುವಿಗೂ ಪ್ರಯತ್ನಿಸಿದೆವು, ನಿಲ್ಲಲಿಲ್ಲ. ಇನ್ನು ಸಾಕು ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಆಸ್ಪತ್ರೆಗೆ ಹೋಗುವುದು ನಿಂತುಹೋಯಿತು.

ನಿನ್ನ ಮಂಡಿನೋವು ಹೇಗಿದೆ? ಬೆಟ್ಟದ ಚಳಿಯಲ್ಲಿ ಬೆಚ್ಚಗಿರು. ಬುದ್ಧನ ಮುಂದೆ ನಮ್ಮ ಹೆಸರಲ್ಲೊಂದು ದೀಪ ಹಚ್ಚು, ಏನನ್ನೂ ಬೇಡಬೇಡ. ನಿನ್ನ ಆಶೀರ್ವಾದವಿರಲಿ.

ನಿನ್ನ ತಂಗಿ,
ಹೇರಿಮ್

ತಾ.ಕ.: ಇದನ್ನು ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಹೊಸ ವರ್ಷದ ಹಬ್ಬದಲ್ಲಿ ಹಿರಿಯರಿಗೆ ಎಡೆಯಿಟ್ಟು ಎಲ್ಲರೂ ಊಟಕ್ಕೆ ಕೂತಿದ್ದೆವು. ಇವರ ದೊಡ್ಡಮ್ಮ, "ಅಲ್ಲಪ್ಪಾ, ದೋಷ ಇರೋದು ಯಾರಲ್ಲಿ?" ಎಂದು ಕೇಳಿಯೇಬಿಟ್ಟರು. ಇವರು ಬಟ್ಟಲಿನಿಂದ ತಲೆಯೆತ್ತದೆ, "ಇವಳಲ್ಲೇ" ಅಂದರು. ಅತ್ತೆ ನನ್ನ ಕಡೆ ತಿರುಗಿದರು. ನಾನು, "ಹೌದು ಅತ್ತೆ" ಅಂದೆ.