ಒಂದು ನಿಮಿಷದ ಮೌನಕ್ಕೆ ನೋಟಿಸು ಕೊಟ್ಟವರಿಗೆ

ಬಾನುಲಿ ಪರವಾನಗಿ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಕಳೆದ ಸೋಮವಾರ ನಿಮ್ಮ ಕಚೇರಿಯಿಂದ ಬಂದ ಆದೇಶ ನಮ್ಮ ಸಮುದಾಯ ಬಾನುಲಿಯ ‘ಗುರುವಾರದ ಕುರ್ಚಿ’ ಕಾರ್ಯಕ್ರಮವನ್ನು ಮುಂದಿನ ಸೂಚನೆಯವರೆಗೆ ನಿಲ್ಲಿಸಿದೆ. ಅದರಲ್ಲಿ ಕೊಟ್ಟಿರುವ ಕಾರಣ: ‘ಒಂದು ನಿಮಿಷ ಕಾಲ ಉದ್ದೇಶಪೂರ್ವಕವಾಗಿ ಏನನ್ನೂ ಪ್ರಸಾರ ಮಾಡದೆ ಸಾರ್ವಜನಿಕ ಸಂಸ್ಥೆಯೊಂದರ ಘನತೆಗೆ ಧಕ್ಕೆ ತಂದದ್ದು.’ ನಾನು ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ದುಡಿದವಳು. ನಿಷೇಧಗೊಂಡ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಕಟ್ಟಿಟ್ಟ ಪಾಪವೂ ನನ್ನ ಕೈಗಿದೆ. ಆ ಪುಸ್ತಕಗಳಲ್ಲಿ ಏನಾದರೂ ಬರೆದಿರುತ್ತಿತ್ತು. ಖಾಲಿ ಹಾಳೆಗೆ ನಿಷೇಧ ಬಂದದ್ದನ್ನು ಕಂಡಿದ್ದು ಇದೇ ಮೊದಲು.

ನಿಮ್ಮ ಕಚೇರಿಯವರು ಯಾರೂ ಈಚೆಗೆ ಇತ್ತ ಸುಳಿದಿಲ್ಲವಾದ್ದರಿಂದ ಹೇಳುತ್ತೇನೆ. ನಮ್ಮ ಸ್ಟುಡಿಯೋ ಎಂದರೆ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ. ಗೋಡೆಗೆ ಹಳೆಯ ಕಂಬಳಿ, ಎರಡು ಮೈಕು, ಒಂದು ಮೇಜು, ನಾಲ್ಕು ಕುರ್ಚಿ. ನಡೆಸುವವರು ಒಂಬತ್ತು ಹೆಂಗಸರು: ಹೊಲಿಗೆಯವರು, ಮನೆಗೆಲಸದವರು, ತರಕಾರಿ ಮಾರುವವರು, ಒಬ್ಬ ನಿವೃತ್ತ ನರ್ಸು, ಮತ್ತೆ ನಾನು. ಗುರುವಾರ ಸಂಜೆ ನಾಲ್ಕೂವರೆಗೆ ಒಬ್ಬಳು ಬಂದು ತನಗಾದ ಅನ್ಯಾಯ ಹೇಳುತ್ತಾಳೆ. ಅದು ಯಾವ ಕಚೇರಿಗೆ ಸಂಬಂಧಿಸಿದ್ದೋ ಆ ಕಚೇರಿಗೆ ಮೊದಲೇ ಮೂರು ಸಲ ಆಹ್ವಾನ ಹೋಗಿರುತ್ತದೆ. ನಾಲ್ಕನೆಯ ಕುರ್ಚಿ ಅವರದು. ಒಂದು ಪಕ್ಷದ ಮಾತನ್ನಷ್ಟೇ ಹಾಕಬಾರದು ಎನ್ನುವುದು ನೀವೇ ಮಾಡಿದ ನಿಯಮ, ಐದನೆಯ ಪುಟದಲ್ಲಿದೆ. ಅವರು ಬಾರದಿದ್ದರೆ ‘ಈಗ ಅವರ ಉತ್ತರ’ ಎಂದು ಹೇಳಿ ಅವರ ಮುಂದಿನ ಮೈಕನ್ನು ಒಂದು ನಿಮಿಷ ತೆರೆದಿಡುತ್ತೇವೆ. ಆ ಒಂದು ನಿಮಿಷ ಕೆಳಗೆ ಗಿರಣಿಯವನು ಯಂತ್ರ ನಿಲ್ಲಿಸುತ್ತಾನೆ. ಗಿರಣಿ ನಿಂತಿತೆಂದರೆ ಯಾವುದೋ ಕಚೇರಿ ತಲೆಮರೆಸಿಕೊಂಡಿದೆ ಎಂದು ಇಡೀ ಬೀದಿಗೆ ಗೊತ್ತು. ಗಡಿಯಾರ ಹಿಡಿದು ಕೂರುವುದು ನನ್ನ ಕೆಲಸ.

ಕುರ್ಚಿ ಯಾವಾಗಲೂ ಖಾಲಿ ಎಂದರೆ ಸುಳ್ಳಾದೀತು. ಎರಡು ವರ್ಷದ ಹಿಂದೆ ನೀರು ಸರಬರಾಜಿನ ಎಂಜಿನಿಯರು ಬಂದಿದ್ದರು. ಕತ್ತು ಒರೆಸಿಕೊಳ್ಳುತ್ತಾ, ‘ಪೈಪು ಒಡೆದಿರೋದು ನಿಜ, ನಂಗೆ ಗೊತ್ತಿತ್ತು, ಹನ್ನೆರಡು ದಿನ ಟೈಮ್ ಕೊಡಿ’ ಎಂದರು. ಹದಿನಾಲ್ಕನೆಯ ದಿನ ನೀರು ಬಂತು. ಅವರ ಘನತೆಗೆ ಕೂದಲೆಳೆಯಷ್ಟೂ ಕೊಂಕಾಗಲಿಲ್ಲ. ಇವತ್ತಿಗೂ ಅವರು ಈ ಬೀದಿಗೆ ಬಂದರೆ ಅಂಗಡಿಯವರು ಸ್ಟೂಲು ಹಾಕಿ ಕೂರಿಸುತ್ತಾರೆ.

ಈಗ ನಿಮ್ಮನ್ನು ಕೆರಳಿಸಿದ ಗುರುವಾರಕ್ಕೆ ಬರುತ್ತೇನೆ. ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹದಿನಾಲ್ಕು ಹೆಂಗಸರಿದ್ದಾರೆ. ವಾರ್ಡುಗಳಿಂದ ಬರುವ ಹಾಸಿಗೆ ಬಟ್ಟೆಯ ಗಂಟುಗಳನ್ನು ಬರಿಗೈಯಲ್ಲಿ ಬಿಚ್ಚಿ ಕೊಡವುತ್ತಾರೆ. ಗಂಟಿನೊಳಗೆ ಬಳಸಿ ಬಿಸಾಡಿದ ಇಂಜೆಕ್ಷನ್ ಸೂಜಿಗಳಿರುತ್ತವೆ. ಅವರಲ್ಲಿ ಹಿರಿಯಳು, ಎಲ್ಲರೂ ದೊಡ್ಡಕ್ಕ ಎಂದು ಕರೆಯುವವಳು, ಅಂದು ಮೈಕಿನ ಮುಂದೆ ಕೂತಿದ್ದಳು.

‘ಎಷ್ಟು ಸಲ ಚುಚ್ಚಿದೆ ದೊಡ್ಡಕ್ಕ?’ ಎಂದು ಕಾರ್ಯಕ್ರಮ ನಡೆಸುವ ಹೊಲಿಗೆಯವಳು ಕೇಳಿದಳು.

‘ಎಣಿಸ್ತಾ ಕೂತ್ರೆ ಬಟ್ಟೆ ಒಗೆಯೋರು ಯಾರಮ್ಮ? ಚುಚ್ಚಿದ್ರೆ ನಲ್ಲಿ ಕೆಳಗೆ ಬೆರಳು ಹಿಡಿಯೋದು, ಮುಂದಿನ ಗಂಟು ಬಿಚ್ಚೋದು. ಮೇಸ್ತ್ರಿ ನೋಡ್ಕೊಂಡು ಮಾಡ್ಬಾರ್ದಾ ಅಂತಾನೆ. ಬೆರಳ ತುದೀಲೇನು ಕಣ್ಣಿರುತ್ತಾ? ಬಾರಪ್ಪ, ನೀನೊಂದು ಗಂಟು ಬಿಚ್ಚು ಅಂದೆ. ಅವತ್ತಿಂದ ಆ ಕಡೆ ತಲೆ ಹಾಕಿಲ್ಲ ಪುಣ್ಯಾತ್ಮ.’

ಪಕ್ಕದಲ್ಲಿ ಅವಳ ಸೊಸೆ, ಅದೇ ಕೆಲಸದವಳು, ಐದು ತಿಂಗಳ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದಕ್ಕೂ ಐದು ವಾರದ ಹಿಂದೆ ಅವಳ ಅಂಗೈಗೆ ಸೂಜಿ ಆಳವಾಗಿ ನಾಟಿತ್ತು. ಹೊರಗಿನ ವೈದ್ಯರು ಒಂದು ಸಲ ರಕ್ತ ನೋಡಿ, ಇಷ್ಟು ಬೇಗ ಏನೂ ಹೇಳಲಾಗದು, ಯಾವ ರೋಗಿಗೆ ಬಳಸಿದ ಸೂಜಿ ಎಂದು ತಿಳಿದುಕೊಂಡು ಬಾ, ಅಲ್ಲಿಯವರೆಗೆ ಮಗುವಿಗೆ ನಿನ್ನ ಹಾಲು ಬೇಡ ಎಂದಿದ್ದರು. ಪ್ರತಿ ಗಂಟಿಗೂ ವಾರ್ಡು, ಹಾಸಿಗೆ ಬರೆದ ಒಂದು ಚೀಟಿ ಇರುತ್ತದೆ. ಅಂದಿನ ಚೀಟಿಯನ್ನು ಮೇಸ್ತ್ರಿ ಆಸ್ಪತ್ರೆಯ ಆಡಳಿತ ಕಚೇರಿಗೆ ಕೊಟ್ಟಿದ್ದಾನೆ. ಕಚೇರಿಯ ಉತ್ತರವೇನು ಗೊತ್ತೇ? ನಮ್ಮ ಬಟ್ಟೆಗಳಲ್ಲಿ ಸೂಜಿ ಬರುವುದೇ ಇಲ್ಲ, ಆದ್ದರಿಂದ ಚೀಟಿ ತೋರಿಸುವ ಪ್ರಶ್ನೆಯೂ ಇಲ್ಲ.

ಆ ಹುಡುಗಿ ಮೈಕಿನಲ್ಲಿ ಆಡಿದ್ದು ಒಂದೇ ಮಾತು. ‘ನಾನ್ಯಾರ ಮೇಲೂ ದೂರು ಹೇಳ್ತಿಲ್ಲ. ಮಗುಗೆ ಹಾಲು ಕೊಡ್ಲಾ, ಬೇಡ್ವಾ? ಅಷ್ಟು ಹೇಳಿ ಸಾಕು.’

‘ಈಗ ಅವರ ಉತ್ತರ’ ಎಂದಳು ಹೊಲಿಗೆಯವಳು. ಗಿರಣಿ ನಿಂತಿತು. ನಾನು ಗಡಿಯಾರ ನೋಡಿದೆ. ಮೂವತ್ತನೆಯ ಸೆಕೆಂಡಿಗೆ ಮಗು ಬಿಕ್ಕಳಿಸಿತು. ಆದೇಶಕ್ಕೂ ಮುಂಚೆ, ಆ ವಾರವೇ ಬಂದ ನಿಮ್ಮ ಮೊದಲ ನೋಟಿಸಿನಲ್ಲಿ ಅದನ್ನೂ ಬಿಟ್ಟಿಲ್ಲ: ‘ಮಗುವಿನ ಅಪ್ರಸ್ತುತ ಶಬ್ದ.’ ಮಾನ್ಯರೇ, ಆ ಕೋಣೆಯಲ್ಲಿ ಅದಕ್ಕಿಂತ ಪ್ರಸ್ತುತವಾದದ್ದು ಬೇರೆ ಏನಿತ್ತು?

ಖಾಲಿ ಬಿಡಬೇಡಿ, ಸೂಕ್ತ ಸಂಗೀತ ತುಂಬಿ ಎಂದು ಆ ನೋಟಿಸಿನಲ್ಲಿ ಬರೆದಿದ್ದಿರಿ. ನಾವು ಪಾಲಿಸಿದೆವು. ಮರುವಾರ ಅದೇ ಪ್ರಶ್ನೆ ಕೇಳಿ, ‘ಈಗ ಅವರ ಉತ್ತರ’ ಎಂದು ಹೇಳಿ, ಒಂದು ನಿಮಿಷ ಕೊಳಲು ಹಾಕಿದೆವು. ಫೋನಿನ ಮೇಲೆ ಫೋನು. ‘ಆಸ್ಪತ್ರೆಯವ್ರು ಕೊಳಲು ಚೆನ್ನಾಗಿ ಊದ್ತಾರಲ್ರೀ, ಇನ್ನೊಂದ್ಸಲ ಹಾಕಿ’ ಎಂದ ಒಬ್ಬ ಬಡಗಿ. ಜನ ನಕ್ಕಿದ್ದಕ್ಕೆ ನಾವು ಹೊಣೆಯೇ? ನಿಮ್ಮ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದ ನಾಲ್ಕನೆಯ ದಿನ ಕಾರ್ಯಕ್ರಮವೇ ನಿಂತಿತು.

ಆದೇಶದ ಜೊತೆಗೆ ಆಸ್ಪತ್ರೆಯ ದೂರಿನ ಪ್ರತಿಯನ್ನೂ ಲಗತ್ತಿಸಿದ್ದೀರಿ. ಅದಕ್ಕೆ ಕೃತಜ್ಞಳು. ನಮ್ಮ ಮೂರು ಆಹ್ವಾನಗಳಿಗೆ ಒಂದು ಸಾಲು ಬರೆಯಲು ಬಿಡುವಿಲ್ಲದ ಆಡಳಿತ ಕಚೇರಿ ನಿಮಗೆ ಎರಡೇ ದಿನದಲ್ಲಿ ನಾಲ್ಕು ಪುಟ ಬರೆದಿದೆ. ಘನತೆ ಎಂಬ ಪದ ಅದರಲ್ಲಿ ಒಂಬತ್ತು ಕಡೆ ಬರುತ್ತದೆ. ಸೂಜಿ ಒಂದು ಕಡೆಯೂ ಇಲ್ಲ, ಹಾಲು ಇಲ್ಲ, ಚೀಟಿ ಇಲ್ಲ. ಇಷ್ಟುದ್ದ ಬರೆಯಬಲ್ಲವರಿಗೆ ‘ಕೊಡು’ ಅಥವಾ ‘ಬೇಡ’ ಎಂದು ಹೇಳಲು ಯಾವ ಕಷ್ಟವಿತ್ತು?

ಇನ್ನು ನೀವು ಸೂಚಿಸಿರುವ ‘ಮಹಿಳೆಯರಿಗೆ ಯೋಗ್ಯ ವಿಷಯಗಳು’: ಅಡುಗೆ, ಹೊಲಿಗೆ, ಸ್ವಚ್ಛತೆ, ಶಿಶುಪಾಲನೆ. ದೊಡ್ಡಕ್ಕ ಆಸ್ಪತ್ರೆಯ ಹೊಲಸು ತೊಳೆಯುವುದು ಸ್ವಚ್ಛತೆಯಲ್ಲವೇ? ಎದೆಹಾಲಿನ ಪ್ರಶ್ನೆ ಶಿಶುಪಾಲನೆಯಲ್ಲವೇ? ನಿಮ್ಮ ಪಟ್ಟಿಯ ಹೊರಗೆ ನಾವು ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಬಟ್ಟೆ ಬಿಳಿಯಾಗಿಸುವುದು ಹೇಗೆ ಎಂದು ಅವಳು ಹೇಳಿದ್ದರೆ ನೀವು ಪ್ರಶಂಸಾಪತ್ರ ಕಳಿಸುತ್ತಿದ್ದಿರಿ. ಬಿಳಿಯಾಗಿಸುವ ಕೈಗೆ ಏನಾಗುತ್ತಿದೆ ಎಂದು ಹೇಳಿದ್ದೇ ತಪ್ಪಾಯಿತು.

ಹನ್ನೊಂದು ವರ್ಷದ ಹಿಂದೆ ಈ ಕೇಂದ್ರವನ್ನು ಉದ್ಘಾಟಿಸಿದವರು ನಿಮ್ಮ ಈಗಿನ ಹುದ್ದೆಯಲ್ಲಿದ್ದ ಮಹನೀಯರು. ‘ದನಿಯಿಲ್ಲದವರಿಗೆ ದನಿಯಾಗಲಿ’ ಎಂದು ಹರಸಿದ್ದರು. ಧ್ವನಿಮುದ್ರಣ ನಮ್ಮಲ್ಲಿದೆ. ಅದನ್ನು ಕೇಳಿಸಿದಾಗ ದೊಡ್ಡಕ್ಕ ಹೇಳಿದ್ದು: ‘ನಾನು ಕೆಳಗಿಂದ ಕೂಗಿದ್ರೆ ಆಸ್ಪತ್ರೆ ಮೂರನೇ ಮಹಡೀಲಿ ಪೇಷೆಂಟು ಎದ್ದು ಕೂರ್ತಾನೆ. ನನಗೆ ದನಿ ಇಲ್ವಂತೆ!’

ನಾನೇಕೆ ಇಷ್ಟು ಕುದಿಯುತ್ತಿದ್ದೇನೆ ಎಂದು ನಿಮಗನ್ನಿಸಬಹುದು. ನನ್ನ ಅಮ್ಮನೂ ಆಸ್ಪತ್ರೆಯ ಬಟ್ಟೆ ಒಗೆದವಳು. ಒಮ್ಮೆ ಸೂಜಿ ಚುಚ್ಚಿ ಕೈ ಊದಿದಾಗ, ಬಾಯಲ್ಲಿ ಹೇಳಿದರೆ ಆಗದು, ಬರೆದುಕೊಡು ಎಂದರು ಅಲ್ಲಿನ ಕಚೇರಿಯವರು. ಅಮ್ಮನಿಗೆ ಬರೆಯಲು ಬಾರದು. ಹನ್ನೆರಡು ವರ್ಷದ ನಾನು ಮೂರು ಹಾಳೆ ಹರಿದು ಹಾಕಿ, ನಾಲ್ಕನೆಯದರಲ್ಲಿ ದುಂಡಗೆ ಬರೆದುಕೊಟ್ಟೆ. ಉತ್ತರ ಬರಲಿಲ್ಲ. ‘ನೀನು ಚೆನ್ನಾಗೇ ಬರ್ದಿದ್ದೆ ಬಿಡು’ ಎಂದು ಅಮ್ಮ ನನ್ನನ್ನೇ ಸಮಾಧಾನಪಡಿಸಿದಳು. ಎರಡು ವರ್ಷಕ್ಕೆ ಅವಳ ಕಣ್ಣು ಹಳದಿಯಾಯಿತು, ಮೂರನೆಯ ವರ್ಷ ಅವಳಿರಲಿಲ್ಲ. ಸೂಜಿಯಿಂದಲೇ ಹೋದಳು ಎಂದು ನಾನು ಆಣೆಯಿಟ್ಟು ಹೇಳಲಾರೆ. ಯಾರೂ ಪರೀಕ್ಷಿಸಲಿಲ್ಲ, ಯಾರೂ ಹೇಳಲಿಲ್ಲ. ಆ ಮೌನವನ್ನು ಅಳೆಯಲು ಆಗ ನನ್ನ ಹತ್ತಿರ ಗಡಿಯಾರವಿರಲಿಲ್ಲ.

ಸೂಜಿ ನನ್ನ ಇಲಾಖೆಯದಲ್ಲ ಎನ್ನುವಿರಿ. ಒಪ್ಪಿದೆ. ಆದರೆ ಆಸ್ಪತ್ರೆಯ ಮೌನವನ್ನು ನಿಮ್ಮ ಇಲಾಖೆ ಕೈಯಾರೆ ಎತ್ತಿಕೊಂಡು ಕಾಪಾಡುತ್ತಿದೆ. ಆದ್ದರಿಂದ ಕೇಳುವುದು ನಿಮ್ಮನ್ನೇ. ಆದೇಶವನ್ನು ಹಿಂತೆಗೆದುಕೊಳ್ಳಿ. ಅದನ್ನು ತಿಳಿಸಲು ಆಸ್ಪತ್ರೆಗೆ ಬರೆಯುವ ಪತ್ರದಲ್ಲಿ ಒಂದು ಸಾಲು ಸೇರಿಸಿ: ಆ ಗಂಟಿನ ಚೀಟಿಯನ್ನು ತೋರಿಸಿ, ಉತ್ತರ ಹೇಳಲು ಒಬ್ಬರನ್ನು ಕಳಿಸಿ. ಬೇಗ ಆಗಬೇಕು. ಏಳು ವಾರದಿಂದ ಆ ಹುಡುಗಿ ದಿನಕ್ಕೆ ಐದು ಸಲ ಹಾಲು ಹಿಂಡಿ ಬಚ್ಚಲಿಗೆ ಚೆಲ್ಲುತ್ತಿದ್ದಾಳೆ. ‘ನಿಲ್ಲಿಸಿದ್ರೆ ಬತ್ತೋಗುತ್ತೆ. ನಾಳೆ ಕೊಡಬಹುದು ಅಂದ್ರೆ ಎಲ್ಲಿಂದ ತರ್ಲಿ?’ ಎನ್ನುತ್ತಾಳೆ. ಈಚೆಗೆ ಲೋಟದ ತಳ ಮುಚ್ಚುವಷ್ಟೂ ಬರುತ್ತಿಲ್ಲ.

ಈ ಗುರುವಾರ ನಮ್ಮ ಮೈಕು ಬಂದ್ ಇರುತ್ತದೆ, ನಿಮ್ಮ ಅಪ್ಪಣೆಯಂತೆ. ಆದರೆ ಗಿರಣಿಯವನಿಗೆ ನಿಮ್ಮ ಪರವಾನಗಿ ಬೇಕಿಲ್ಲ. ನಾಲ್ಕೂ ಮುಕ್ಕಾಲಿಗೆ ಅವನು ಯಂತ್ರ ನಿಲ್ಲಿಸುತ್ತಾನೆ. ನಾಲ್ಕನೆಯ ಕುರ್ಚಿಯನ್ನು ಕೆಳಗಿಳಿಸಿ ಬೀದಿಯಲ್ಲೇ ಹಾಕಿರುತ್ತೇವೆ. ಮೆಟ್ಟಿಲು ಹತ್ತುವ ತೊಂದರೆಯೂ ನಿಮಗಿಲ್ಲ.

ಇಂತಿ,
ನಿಮ್ಮೆಲ್ಲರ ಮೌನವನ್ನು ಒಂದು ಸೆಕೆಂಡೂ ಹೆಚ್ಚುಕಡಿಮೆಯಾಗದಂತೆ ಅಳೆದು,
ಅಮ್ಮನದನ್ನು ಮಾತ್ರ ಅಳೆಯಲಾರದೆ ಹೋದ ಗಡಿಯಾರದವಳು